ಸುಟ್ಟ ರೊಟ್ಟಿಗಳ ಲೆಕ್ಕದಲ್ಲಿ ನಮ್ಮ ಓಣಿಯ ಕೇಬಲ್

ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಕೇಳುವುದು ನೀರು ಯಾವ ದಿನ ಬಿಡುತ್ತಾರೆ ಎಂದು. ಎರಡನೆಯದು, ‘ಅಕ್ಕಾ, ಇಲ್ಲಿಯ ಕೇಬಲ್ ಹೇಗಿದೆ? ಹಾಕಿಸಬಹುದೇ?’ ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಕಲಬುರಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರರ ಗುಡಿಗೆ ನಡೆದು ಹೋಗುವಷ್ಟು ದೂರದಲ್ಲಿ, ಓಣಿಯ ಬಾಯಿಗೇ ನನ್ನ ಖಾನಾವಳಿ ಇದೆ. ಅದರ ಗೋಡೆಯ ಮೇಲೆ 1998ರಿಂದ ಟಿವಿ ಇದೆ. ಟಿವಿ ಮೂರು ಬದಲಾಗಿವೆ, ಕೇಬಲ್ಲಿನವನು ಮಾತ್ರ ಅವನೇ. ಹೋದವರಿಗೆ ಬಂದವರಿಗೆ ಬಾಯಿಮಾತಿನಲ್ಲಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಆಗ ಚಿತ್ರ ಈಗಿನದಕ್ಕಿಂತ ಮಸುಕಾಗಿತ್ತು, ಆದರೂ ಕೊಡುತ್ತಿದ್ದೆ.

ಟಿವಿ ಎಲ್ಲಿದೆ ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊಟದ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸುವ ಕಿಂಡಿಯಿದೆ. ಟಿವಿ ಅದರ ಎದುರು ಗೋಡೆಯಲ್ಲಿದೆ. ಹೊರಗೆ ಊಟಕ್ಕೆ ಕುಳಿತವರು ಕತ್ತೆತ್ತಿ ನೋಡಬೇಕು; ಒಳಗೆ ಒಲೆಯ ಮುಂದೆ ಕುಳಿತ ನಾಲ್ವರು ಹೆಂಗಸರಿಗೆ ಕಿಂಡಿಯಿಂದ ನೇರವಾಗಿ ಕಾಣುತ್ತದೆ. ನಮ್ಮ ಗಿರಾಕಿಗಳು ಕಾಲೇಜು ಹುಡುಗರು, ಮನೆ ಬಿಟ್ಟು ಬಂದ ನೌಕರರು, ಗಂಜ್ ಮಾರುಕಟ್ಟೆಗೆ ತೊಗರಿ ತಂದು ರಾತ್ರಿ ಉಳಿದ ರೈತರು. ಇವರಿಗೆ ಸುದ್ದಿ, ಕ್ರಿಕೆಟ್ ಬೇಕು. ಒಳಗಿನವರಿಗೆ ಧಾರಾವಾಹಿ ಬೇಕು. ಸಂಜೆ ಏಳರಿಂದ ಹತ್ತರವರೆಗೆ ನಮಗೂ ತುರುಸಿನ ಹೊತ್ತು, ಟಿವಿಯವರಿಗೂ ತುರುಸಿನ ಹೊತ್ತು. ಹೀಗಾಗಿ ಬಹಳ ವರ್ಷ ರಿಮೋಟ್ ಗಲ್ಲಾಪೆಟ್ಟಿಗೆಯೊಳಗೆ ಇರುತ್ತಿತ್ತು, ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿ.

ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತು: ಹಂಚಿಗೆ ಹಾಕಿ ಮೇಲೆ ನೀರು ಸವರಿದ ಮೇಲೆ, ಆ ನೀರು ಆರುವುದರೊಳಗೆ ತಿರುವಿ ಹಾಕಬೇಕು. ಆ ಕ್ಷಣ ತಪ್ಪಿದರೆ ಮೇಲೆ ಬಿರುಕು, ಕೆಳಗೆ ಕರಿ. ಒಳ್ಳೆಯ ಕೈಯವಳು ಕಣ್ಣು ಬೇರೆ ಕಡೆ ಇದ್ದರೂ ತಿರುವುತ್ತಾಳೆ. ಅವಳ ಕಣ್ಣಿನ ಜೊತೆ ಮನಸ್ಸೂ ಟಿವಿಯೊಳಗೆ ಹೋದಾಗ ಮಾತ್ರ ರೊಟ್ಟಿ ಸುಡುತ್ತದೆ. ಸುಡುವುದಕ್ಕೂ ಮೊದಲು ಒಂದು ಸೂಚನೆ ಸಿಗುತ್ತದೆ. ನಾಲ್ಕು ಜೋಡಿ ಕೈಗಳು ಪಟಪಟ ಬಡಿಯುವ ಸದ್ದು ಒಮ್ಮೆಲೇ ನಿಲ್ಲುತ್ತದೆ. ಗಲ್ಲೆಯಲ್ಲಿ ಕುಳಿತ ನನಗೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಸೊಸೆಯ ಕೆನ್ನೆಗೆ ಏಟು ಬಿದ್ದಿದೆ, ಇಲ್ಲವೇ ಸತ್ತನೆಂದು ತಿಳಿದಿದ್ದ ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಸುಟ್ಟ ರೊಟ್ಟಿಗಳನ್ನು ಎಮ್ಮೆ ಸಾಕಿದವರಿಗಾಗಿ ಬೇರೆ ಬುಟ್ಟಿಯಲ್ಲಿ ಇಡುತ್ತೇವೆ. ರಾತ್ರಿ ಆ ಬುಟ್ಟಿ ಎಣಿಸಿದರೆ ಆ ದಿನ ಯಾವ ಚಾನೆಲ್ ಗೆದ್ದಿತು ಎಂದು ಹೇಳಬಲ್ಲೆ. ಇದು ತಮಾಷೆಗೆ ಶುರುವಾದದ್ದು, ಆಮೇಲೆ ಚಟವಾಯಿತು.

ಟಿವಿಯ ವಿಷಯದಲ್ಲಿ ನಮ್ಮ ಕಡೆಯವರನ್ನು ಹಿಂದುಳಿದವರು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ನಾನು ಟಿವಿ ನೋಡಿದ್ದು 1975ರಲ್ಲಿ, ಎಂಟು ವರ್ಷದವಳಿದ್ದಾಗ, ಸೇಡಂ ತಾಲೂಕಿನ ಹಳ್ಳಿಯ ಶಾಲೆಯಲ್ಲಿ. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ಅದು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಲರಿಯಂಥ ದೊಡ್ಡ ಛತ್ರಿಯೊಂದು ಆಕಾಶ ನೋಡುತ್ತಿತ್ತು. ಮುಂಜಾನೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೀಜ, ಗೊಬ್ಬರ, ಕೂಸಿನ ಆರೋಗ್ಯ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1976ರ ಜುಲೈ ಕೊನೆಗೆ ವರ್ಷದ ಕರಾರು ಮುಗಿಯಿತು, ನಮ್ಮ ಪೆಟ್ಟಿಗೆ ಮೂಕವಾಯಿತು. ಮೇಷ್ಟ್ರು ಅದರ ಮೇಲೆ ಹಳೆಯ ಪಂಚೆ ಹೊದಿಸಿದ್ದು ನೆನಪಿದೆ. ಮರುವರ್ಷ ಗುಲ್ಬರ್ಗದಲ್ಲೇ ಟಿವಿ ಗೋಪುರ ನಿಂತಿತು. ಬೆಂಗಳೂರು ಇನ್ನೂ ರೇಡಿಯೊ ಕೇಳುತ್ತಿತ್ತು.

ಒಂದೇ ಚಾನೆಲ್ ಇದ್ದ ಕಾಲದಲ್ಲಿ ಪೈಪೋಟಿಯ ಮಾತೇ ಇರಲಿಲ್ಲ. 1988ರಲ್ಲಿ ಮದುವೆಯಾಗಿ ನಾನು ಈ ಊರಿಗೆ ಬಂದಾಗ ಭಾನುವಾರ ಮುಂಜಾನೆ ‘ರಾಮಾಯಣ’, ಅದು ಮುಗಿದ ಮೇಲೆ ‘ಮಹಾಭಾರತ’. ಆ ಹೊತ್ತಿನಲ್ಲಿ ನಾಯಿ ಸಹ ಬೀದಿಯಲ್ಲಿ ಇರುತ್ತಿರಲಿಲ್ಲ. ಬೇರೆ ದಾರಿಯಿಲ್ಲದವರು ನೋಡಿದ್ದಕ್ಕೂ ಹತ್ತು ದಾರಿ ಇದ್ದವರು ಇದನ್ನೇ ಬೇಕೆಂದು ನೋಡಿದ್ದಕ್ಕೂ ವ್ಯತ್ಯಾಸವಿದೆ. ಹಳೆಯದನ್ನು ಹೊಗಳುವವರು ಅದನ್ನು ಮರೆಯುತ್ತಾರೆ.

ಕೇಬಲ್ಲಿನವನು ನನ್ನನ್ನು ಅಕ್ಕಾ ಎನ್ನುತ್ತಾನೆ, ಹಾಗಾಗಿ ನನಗೆ ಅವನು ಕೇಬಲ್ ತಮ್ಮ. ನಮ್ಮ ಖಾನಾವಳಿಗೆ ವೈರ್ ಎಳೆದಾಗ ಅವನಿಗೆ ಹತ್ತೊಂಬತ್ತು ವರ್ಷ. ತಿಂಗಳಿಗೆ 80 ರೂಪಾಯಿ. ಅವನ ಹೆಸರು ಬೇಡ. ಓಣಿಯಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಗೊತ್ತಾಗಿ ಆಗಬೇಕಾದದ್ದೇನೂ ಇಲ್ಲ. ಅವನನ್ನು ಮೊದಲು ನೋಡಿದ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೇವಿನ ಮರದ ಕವಲಿನಲ್ಲಿ ಎರಡೂ ಕಾಲು ಸಿಕ್ಕಿಸಿಕೊಂಡು, ಕರಿ ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು ಉಗುಳಿ, ಒಳಗಿನ ಜಾಳಿಗೆ ಎಳೆಗಳನ್ನು ಹಿಂದಕ್ಕೆ ಮಡಚಿ, ನಡುವಿನ ತಾಮ್ರದ ತಂತಿಯನ್ನು ಬೆರಳಿನಿಂದ ನೆಟ್ಟಗೆ ಮಾಡಿ, ‘ಅಕ್ಕಾ, ಬಂತೇ?’ ಎಂದು ಕೂಗಿದ. ‘ಮಳೆ ಬಂದಿದೆ’ ಎಂದೆ, ಪರದೆಯ ಚುಕ್ಕೆಗಳನ್ನು ನೋಡಿ. ಅವನು ಆಕಾಶ ನೋಡಿದ.

ನಮ್ಮ ಮೊದಲ ಟಿವಿಗೆ ಹನ್ನೆರಡು ಗುಂಡಿಗಳು. ಹದಿಮೂರನೆಯ ಚಾನೆಲ್ ಬಂದರೆ ಅದಕ್ಕೆ ಜಾಗವೇ ಇಲ್ಲ. ಚಾನೆಲ್‌ಗಳ ಯುದ್ಧ ಬೆಂಗಳೂರು, ಚೆನ್ನೈ, ಮುಂಬೈಯಲ್ಲಿ ನಡೆಯಿತು ಎಂದು ಪತ್ರಿಕೆಗಳು ಬರೆದವು. ಅರ್ಧ ಯುದ್ಧ ನಡೆದದ್ದು ಕೇಬಲ್ಲಿನವರ ಕೋಣೆಯಲ್ಲಿ. ಮುಂದಿನ ನಂಬರಿನಲ್ಲಿದ್ದ ಚಾನೆಲ್ ಹಳೆಯ ಟಿವಿಯಲ್ಲೂ ಸ್ವಚ್ಛವಾಗಿ ಕಾಣುತ್ತಿತ್ತು. ಹಿಂದೆ ಬಿದ್ದದ್ದು ಕೆಲವು ಮನೆಗಳಲ್ಲಿ ಕಾಣುತ್ತಲೇ ಇರಲಿಲ್ಲ. ಒಳ್ಳೆಯ ಜಾಗ ಹಿಡಿಯಲು ಚಾನೆಲ್‌ಗಳು ದೊಡ್ಡ ಕೇಬಲ್ ಜಾಲಗಳಿಗೆ ಎದುರು ಹಣ ಕೊಡುತ್ತಿದ್ದವು. ಅದರಲ್ಲೂ ಒಂದು ಲೆಕ್ಕವಿತ್ತು: ಜನ ಏನು ನೋಡುತ್ತಾರೆಂದು ಎಣಿಸುವ ಮೀಟರ್ ಯಾವ ಊರುಗಳಲ್ಲಿ ಇದೆಯೋ ಆ ಊರಿನ ಜಾಗಕ್ಕೆ ಬೆಲೆ ಹೆಚ್ಚು. ಎಣಿಕೆಯಿಲ್ಲದ ಊರಿನ ಜಾಗವನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ತಮ್ಮನಿಗೆ ಯಾರೂ ದುಡ್ಡು ಕೊಟ್ಟಿದ್ದನ್ನು ನಾನು ಕಾಣೆ. ಅವನು ನಂಬರ್ ಕೊಡುತ್ತಿದ್ದದ್ದು ಬೈಗುಳದ ಲೆಕ್ಕದಲ್ಲಿ. ಯಾವ ಚಾನೆಲ್ ಕೆಟ್ಟರೆ ಎಷ್ಟು ನಿಮಿಷದೊಳಗೆ, ಎಷ್ಟು ಮನೆಗಳಿಂದ ಫೋನ್ ಬರುತ್ತದೆ, ಯಾರು ಯಾವ ದನಿಯಲ್ಲಿ ಮಾತನಾಡುತ್ತಾರೆ. ಉದಯ ಹೋದರೆ ಎರಡು ನಿಮಿಷ. 1994ರಲ್ಲಿ ಚೆನ್ನೈನ ಸನ್ ಬಳಗ ಶುರು ಮಾಡಿದ ಆ ಚಾನೆಲ್ಲಿಗೆ ಆಗ ಎದುರಿಲ್ಲ. ರಾತ್ರಿ ಸಿನಿಮಾದ ನಡುವೆ ಹೋದರೆ ಹಿರಿಯರು ನೇರವಾಗಿ ಅವನ ಮನೆಯ ಬಾಗಿಲಿಗೇ ಬರುತ್ತಿದ್ದರಂತೆ.

2000ದ ಜುಲೈ 3ರಂದು ಗೋಡೆಯ ಟಿವಿಯಲ್ಲಿ ಮೊದಲ ದೊಡ್ಡ ಜಗಳವಾಯಿತು. ಸ್ಟಾರ್ ಪ್ಲಸ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ ತಂದರು. ಅಲ್ಲಿಯವರೆಗೆ ಹಿಂದಿಯಲ್ಲಿ ಝೀ, ಸೋನಿ ಮುಂದೆ, ಸ್ಟಾರ್ ಹಿಂದೆ; ಕೆಲವೇ ವಾರಗಳಲ್ಲಿ ಸಾಲು ತಿರುಗಿ ನಿಂತಿತು. ಮೈಸೂರು ಕಡೆಯವರು ಇದನ್ನು ಎಷ್ಟು ನೋಡಿದರೋ ಕಾಣೆ, ನಮ್ಮ ಊರಿನಲ್ಲಿ ಹಿಂದಿ ಉರ್ದು ಎಲ್ಲರ ಕಿವಿಗೂ ಪಳಗಿದ ಭಾಷೆ. ಊಟದ ಕೋಣೆ ಪರೀಕ್ಷೆಯ ಕೋಣೆಯಾಯಿತು. ಉತ್ತರ ಗೊತ್ತಿದ್ದವನು ತಟ್ಟೆ ಬಾರಿಸುತ್ತಿದ್ದ, ಗೊತ್ತಿಲ್ಲದವನು ಇನ್ನೊಂದು ರೊಟ್ಟಿ ಕೇಳುತ್ತಿದ್ದ. ಅದೇ ರಾತ್ರಿ ಹತ್ತೂವರೆಗೆ ಅದೇ ಚಾನೆಲ್ಲಿನಲ್ಲಿ ಅತ್ತೆ ಸೊಸೆಯ ಕಥೆಯೂ ಶುರುವಾಗಿ, ಎಂಟು ವರ್ಷ ನಡೆಯಿತು. ಆದರೆ ಅಷ್ಟು ಹೊತ್ತಿಗೆ ನಮ್ಮ ಒಲೆ ಆರಿರುತ್ತಿತ್ತು. ಹಾಗಾಗಿ ಅದರಿಂದ ಸುಟ್ಟ ರೊಟ್ಟಿ ಸೊನ್ನೆ.

ಆ ವರ್ಷದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು, ರಾಮೋಜಿ ಬಳಗದಿಂದ, ಮತ್ತೆ ಹೈದರಾಬಾದಿನಿಂದಲೇ. ನನಗೆ ನಗು ಬಂತು. 1975ರಲ್ಲೂ ಕನ್ನಡ ನಮಗೆ ಆ ದಿಕ್ಕಿನಿಂದಲೇ ಬಂದಿತ್ತು. ಹೈದರಾಬಾದ್ ನಮಗೆ ಸುಮಾರು 220 ಕಿಲೋಮೀಟರ್. ಬೆಂಗಳೂರು ಅದರ ಎರಡೂವರೆ ಪಟ್ಟು ದೂರ. ಟಿ.ಎನ್. ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ ಈಟಿವಿಯಲ್ಲಿ ಬಂದ ಕಾಲವೇ ನನ್ನ ಖಾನಾವಳಿಯ ಶಾಂತಿಯ ಕಾಲ. ಏಕೆಂದರೆ ಹೊರಗಿನವರೂ ಒಳಗಿನವರೂ ಒಂದೇ ಚಾನೆಲ್ ಕೇಳುತ್ತಿದ್ದರು. ನ್ಯಾಯಾಲಯದ ದೃಶ್ಯ ಬಂದರೆ ರೈತರು ಕೈತುತ್ತು ಹಿಡಿದು ಕೂರುತ್ತಿದ್ದರು. ಜಮೀನಿನ ತಂಟೆಗೆ ಕೋರ್ಟಿಗೆ ಬಂದವರೇ ಅವರಲ್ಲಿ ಅರ್ಧ ಜನ. ಒಳಗೆ ಬಡಿಯುವ ಸದ್ದು ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ದಿನಕ್ಕೆ ಎರಡೋ ಮೂರೋ ಸುಡುತ್ತಿದ್ದವು. ಮನಸ್ಸಿಟ್ಟು ಕೇಳುವ ಕಥೆಗೂ ಉಸಿರು ಬಿಗಿಹಿಡಿಸುವ ಕಥೆಗೂ ಇರುವ ವ್ಯತ್ಯಾಸ ಆ ಬುಟ್ಟಿಯಲ್ಲಿ ಕಾಣುತ್ತಿತ್ತು. ಎಷ್ಟು ಜನ ನೋಡಿದರೆಂದು ಎಣಿಸುವ ಟಿಆರ್‌ಪಿಯಲ್ಲಿ ಎರಡಕ್ಕೂ ಒಂದೇ ನಂಬರ್ ಬೀಳುತ್ತದೆ.

2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ, ಅದೇ ವರ್ಷ ಕಸ್ತೂರಿ. ಸಂಜೆಯ ಒಂದೇ ಅರ್ಧ ಗಂಟೆಗೆ ಐದು ಅತ್ತೆಯರು. ಇಷ್ಟೆಲ್ಲ ಚಾನೆಲ್‌ಗಳು ನನ್ನ ಅಡುಗೆಮನೆಯವರಿಗಾಗಿ ಹೊಡೆದಾಡುತ್ತಿದ್ದವು, ನನ್ನ ಅಡುಗೆಮನೆಯವರನ್ನು ಮಾತ್ರ ಯಾರೂ ಎಣಿಸಲಿಲ್ಲ. ನಮ್ಮ ಗಿರಾಕಿಯಾಗಿದ್ದ ಜಾಹೀರಾತು ಕಂಪನಿಯ ಹುಡುಗನೊಬ್ಬ ಒಮ್ಮೆ ಬಿಡಿಸಿ ಹೇಳಿದ. ಆರಿಸಿದ ಕೆಲವು ಮನೆಗಳ ಟಿವಿಗೆ ಮೀಟರ್ ಕೂರಿಸುತ್ತಾರೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ, ನೋಡಲು ಕುಳಿತಾಗ ಒತ್ತಬೇಕು. ಆ ಮನೆಗಳು ಯಾವುವು ಎಂಬುದು ಗುಟ್ಟು. 2001ರಲ್ಲಿ ಮುಂಬೈಯ ಮೀಟರ್ ಮನೆಗಳ ಪಟ್ಟಿಯೇ ಹೊರಬಿದ್ದು ದೊಡ್ಡ ರಂಪವಾಗಿತ್ತು. ಟ್ಯಾಮ್ ಎಂಬ ಸಂಸ್ಥೆ ಎಣಿಸುತ್ತಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ಮೀಟರ್ ಇರಲಿಲ್ಲ. 2015ರಲ್ಲಿ ಅದರ ಜಾಗಕ್ಕೆ ಬಾರ್ಕ್ ಎಂಬ ಸಂಸ್ಥೆ ಬಂತು. ಆ ವರ್ಷದ ಅಕ್ಟೋಬರಿನಿಂದ ಹಳ್ಳಿಯ ಲೆಕ್ಕವೂ ಸೇರಿತು. ‘ಮತ್ತೆ ಖಾನಾವಳಿ?’ ಎಂದೆ. ‘ಇಲ್ಲ ಅಕ್ಕಾ, ಮನೆ ಮಾತ್ರ’ ಎಂದ. ದಿನಕ್ಕೆ ಅರವತ್ತು ತಟ್ಟೆ ಏಳುವ ಕೋಣೆ, ಲೆಕ್ಕದಲ್ಲಿ ಖಾಲಿ. ವಾರದ ನಂಬರುಗಳು ಗುರುವಾರ ಹೊರಬೀಳುತ್ತವಂತೆ. ಗುರುವಾರ ಬಂದೇನವಾಜರ ದರ್ಗಾಕ್ಕೆ ಬಂದವರು ನಮ್ಮಲ್ಲಿ ಊಟಕ್ಕೆ ತುಂಬಿರುತ್ತಾರೆ. ಚಾನೆಲ್ಲಿನವರ ಎದೆ ಹೊಡೆದುಕೊಳ್ಳುವ ದಿನ ನನಗೆ ಹಿಟ್ಟು ನಾದುವುದಕ್ಕೂ ಪುರುಸೊತ್ತಿಲ್ಲ.

ಪೈಪೋಟಿಯ ವಿಚಿತ್ರಗಳನ್ನು ಹೇಳಿದರೆ ಮುಗಿಯುವುದಿಲ್ಲ, ಒಂದು ಹೇಳುತ್ತೇನೆ. 2013ರಲ್ಲಿ ‘ಬಿಗ್ ಬಾಸ್’ ಈಟಿವಿ ಕನ್ನಡದಲ್ಲಿ ಬಂತು, ಸುದೀಪ್ ನಡೆಸಿಕೊಟ್ಟರು. ಮರುವರ್ಷ ಅದೇ ಕಾರ್ಯಕ್ರಮ, ಅದೇ ಸುದೀಪ್, ಚಾನೆಲ್ ಮಾತ್ರ ಸುವರ್ಣ. 2015ರಲ್ಲಿ ಮತ್ತೆ ಹಳೆಯ ಮನೆಗೆ, ಆದರೆ ಅಷ್ಟರಲ್ಲಿ ಈಟಿವಿ ಎಂಬ ಹೆಸರೇ ಹೋಗಿ ಕಲರ್ಸ್ ಕನ್ನಡ ಆಗಿತ್ತು. ನಮ್ಮ ರೊಟ್ಟಿ ಬಡಿಯುವ ಹಿರಿಯಳಿಗೆ ಓದು ಬರದು; ಚಾನೆಲ್ ಎಂದರೆ ನಂಬರ್. ಮೂರು ವರ್ಷದಲ್ಲಿ ಮೂರು ಸಲ ಅವಳ ಲೆಕ್ಕ ತಪ್ಪಿತು. ‘ಇವರು ಮನೆ ಬದಲಿಸಿದರೆ ವಿಳಾಸ ಕೊಟ್ಟು ಹೋಗಬಾರದೇ?’ ಎಂದಳು. ಅಂದಹಾಗೆ, ಬಿಗ್ ಬಾಸ್‌ನಿಂದ ರೊಟ್ಟಿ ಸುಡಲಿಲ್ಲ. ಬೈಯುತ್ತ ಬೈಯುತ್ತ ಇನ್ನೂ ಜೋರಾಗಿ ಬಡಿಯುತ್ತಿದ್ದರು.

ಈಗ ಅಂಕ ಕಡಿಮೆಯಾದ ಕಥೆ. 2016ರ ಸುಮಾರಿಗೆ ನಮಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿ ಬಂತು. ಮಸುಕು ಹೋಯಿತು, ಚುಕ್ಕೆ ಮಳೆ ನಿಂತಿತು, ನಿಜ. ಬದಲಿಗೆ ಮೋಡ ಕವಿದರೆ ಚಿತ್ರ ಚೌಕಾಬಾರದ ಮನೆಗಳಾಗಿ ಒಡೆಯುತ್ತದೆ. ಮೊದಲು ಮಸುಕಾಗಿದ್ದರೂ ಮಾತು ಕೇಳುತ್ತಿತ್ತು, ರೊಟ್ಟಿ ಬಡಿಯುವವರಿಗೆ ಅಷ್ಟು ಸಾಕಿತ್ತು. ಈಗ ಒಡೆದರೆ ಮಾತೂ ಹೋಗುತ್ತದೆ. ತಮ್ಮನಿಗೆ ಫೋನ್ ಮಾಡಿದರೆ, ‘ನನ್ನ ಕೈಯಲ್ಲಿ ಏನೂ ಇಲ್ಲ ಅಕ್ಕಾ, ಮೇಲಿನ ಕಂಪನಿಯಿಂದ ಆಗಬೇಕು’ ಎನ್ನುತ್ತಾನೆ. ಆ ಕಂಪನಿಯ ಫೋನಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ಒತ್ತಿಸಿ, ಕೊನೆಗೆ ಬಾಕ್ಸ್ ಆರಿಸಿ ಹಚ್ಚಿ ಎನ್ನುತ್ತಾರೆ. ಆರಿಸಿ ಹಚ್ಚುವುದನ್ನು ಹೇಳಲು ಇಷ್ಟು ದೊಡ್ಡ ಕಂಪನಿ ಏಕೆ ಬೇಕಿತ್ತೋ. 2019ರಲ್ಲಿ ಬೇಕಾದ ಚಾನೆಲ್ಲಿಗೆ ಮಾತ್ರ ಹಣ ಕೊಡಿ ಎಂಬ ಹೊಸ ನಿಯಮ ಬಂತು: ನೂರು ಚಾನೆಲ್ಲಿಗೆ ತೆರಿಗೆ ಬಿಟ್ಟು 130 ರೂಪಾಯಿ, ದುಡ್ಡಿನ ಚಾನೆಲ್‌ಗಳಿಗೆ ಅದರ ಮೇಲೆ ಬಿಡಿ ಬೆಲೆ. ಸಂಜೆ ನೋಡುವ ಕನ್ನಡದ ದೊಡ್ಡ ಚಾನೆಲ್‌ಗಳೆಲ್ಲ ದುಡ್ಡಿನ ಸಾಲಿನಲ್ಲೇ ಬಂದವು. ಉಳಿತಾಯವಾಗುತ್ತದೆಂದು ಕುಳಿತು ಆರಿಸಿದೆ. ಕೂಡಿಸಿ ನೋಡಿದರೆ ಮೊದಲಿಗಿಂತ ಹೆಚ್ಚಾಯಿತು. ಈಗ ನಾನು ಕೊಡುವುದು ತಿಂಗಳಿಗೆ 320. ರಸೀದಿ ಕೇಳಿದರೆ ‘ಮೊಬೈಲಿಗೆ ಬರುತ್ತದೆ’ ಎನ್ನುತ್ತಾನೆ. ಬಂದದ್ದನ್ನು ನಾನು ಕಂಡಿಲ್ಲ.

ಇಷ್ಟಾದರೂ ಮೂರು ಅಂಕ ಏಕೆ ಎಂದರೆ 2020. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯವರದೇ. ಎಲ್ಲರಿಗಿಂತ ಮೊದಲೇ ನಮ್ಮ ಊರಿನ ಬಾಗಿಲುಗಳು ಮುಚ್ಚಿದವು. ಖಾನಾವಳಿ ಬೀಗ. ಹಳೆಯ ರಾಮಾಯಣವನ್ನು ದೂರದರ್ಶನ ಮತ್ತೆ ಹಾಕಿತು, ಖಾಸಗಿಯವರೆಲ್ಲ ಬೆರಗಾಗುವಷ್ಟು ಜನ ನೋಡಿದರು. ವರ್ಷಗಟ್ಟಲೆ ಕನ್ನಡದಲ್ಲಿ ಡಬ್ಬಿಂಗ್ ಕೂಡದು ಎನ್ನುತ್ತಿದ್ದದ್ದೂ ಆ ಬೇಸಿಗೆಯಲ್ಲಿ ಸಡಿಲವಾಗಿ, ಸುವರ್ಣದಲ್ಲಿ ಮಹಾಭಾರತ ಕನ್ನಡ ಮಾತನಾಡಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನಾನು ಕುಳಿತು, ಎದ್ದು ಹೋಗದೆ, ಒಂದು ಕಂತನ್ನು ಪೂರ್ತಿ ನೋಡಿದೆ. ಆ ಮೂರು ತಿಂಗಳು ಕೇಬಲ್ ತಮ್ಮ ಓಣಿಯಲ್ಲಿ ಯಾರಿಂದಲೂ ಹಣ ಕೇಳಲಿಲ್ಲ, ಯಾರ ಸಂಪರ್ಕವನ್ನೂ ಕತ್ತರಿಸಲಿಲ್ಲ. ಮೇಲಿನ ಕಂಪನಿಗೆ ತನ್ನ ಕೈಯಿಂದ ಕಟ್ಟಿದ ಎಂದು ಅವನ ಹೆಂಡತಿ ಆಮೇಲೆ ಹೇಳಿದಳು.

ಈಚಿನ ವರ್ಷಗಳಲ್ಲಿ ನಮ್ಮ ಬುಟ್ಟಿಯ ಲೆಕ್ಕದಲ್ಲಿ ಝೀ ಕನ್ನಡ ಮುಂದಿದೆ. ಉಮಾಶ್ರೀಯವರ ‘ಪುಟ್ಟಕ್ಕನ ಮಕ್ಕಳು’ 2021ರ ಕೊನೆಗೆ ಶುರುವಾದಾಗ ಒಂದೇ ಸಂಜೆ ಹನ್ನೊಂದು ರೊಟ್ಟಿ ಕರಿಯಾದವು. ಮೂರು ಹೆಣ್ಣುಮಕ್ಕಳನ್ನು ಮೆಸ್ ನಡೆಸಿ ಸಾಕುವವಳ ಕಥೆ. ಒಳಗಿನವರು ಒಮ್ಮೆ ಪರದೆ ನೋಡುವುದು, ಒಮ್ಮೆ ನನ್ನನ್ನು ನೋಡುವುದು. ನನಗೆ ಮಕ್ಕಳು ಇಬ್ಬರೇ, ಇಬ್ಬರೂ ಗಂಡು ಎಂದು ನೆನಪಿಸಬೇಕಾಯಿತು. ಹೊರಗಿನ ಕೋಣೆಯಲ್ಲಿ ಮಾತ್ರ ಜಗಳವೇ ಇಲ್ಲ. ಹುಡುಗರು ನೀರಿನ ಲೋಟಕ್ಕೆ ಮೊಬೈಲ್ ಒರಗಿಸಿ ಅವರವರದು ನೋಡುತ್ತ ಉಣ್ಣುತ್ತಾರೆ. ಗಲ್ಲೆಯ ಕೀಲಿಯನ್ನು ಈಗ ಸೊಂಟಕ್ಕೆ ಸಿಕ್ಕಿಸುವುದಿಲ್ಲ, ರಿಮೋಟ್ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಹೋದ ತಿಂಗಳು ತಮ್ಮ ವಸೂಲಿಗೆ ಬಂದವನು ಊಟಕ್ಕೆ ಕುಳಿತ. ತಲೆ ಅರ್ಧ ನರೆತಿದೆ, ಮರ ಹತ್ತಲು ಮಗನನ್ನು ಕಳಿಸುತ್ತಾನೆ. ‘ಅಕ್ಕಾ, ಈಗ ಝೀ ಹೋದರೂ ಅರ್ಧ ಗಂಟೆ ಒಂದು ಫೋನ್ ಬರುವುದಿಲ್ಲ’ ಎಂದು ಪುಂಡಿಪಲ್ಯ ಕಲಸುತ್ತ ಹೇಳಿದ. ‘ನಾನು ಮಾಡುತ್ತೇನಲ್ಲ’ ಎಂದೆ. ‘ನೀವೊಬ್ಬರೇ’ ಎಂದ.

ಹಾಕಿಸಿಕೊಳ್ಳುವವರಿಗೆ ನಾಲ್ಕು ಮಾತು. ಬಾಕ್ಸಿನ ಹಿಂದಿನ ಕಾರ್ಡ್ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಕಂಪನಿಯವರು ಮೊದಲು ಕೇಳುವುದು ಅದನ್ನೇ, ಬಾಕ್ಸ್ ತಿರುಗಿಸಲು ಹೋದರೆ ವೈರ್ ಕಳಚುತ್ತದೆ. ಪ್ಯಾಕ್ ಅವನಿಗೆ ಬಿಡಬೇಡಿ, ನೀವೇ ಚೀಟಿ ಬರೆದುಕೊಡಿ. ಇಲ್ಲದಿದ್ದರೆ ನಿಮಗೆ ತಿಳಿಯದ ಭಾಷೆಯ ಕ್ರೀಡಾ ಚಾನೆಲ್‌ಗಳೂ ಸೇರಿರುತ್ತವೆ. ತಿಂಗಳ ಐದರೊಳಗೆ ಹಣ ಕೊಡಿ, ರಸೀದಿ ಕೇಳುತ್ತಲೇ ಇರಿ. ಚಿತ್ರ ಒಡೆದರೆ ಕಂಪನಿಯ ನಂಬರಿಗೆ ಮಾಡಬೇಡಿ, ತಮ್ಮನ ಹೆಂಡತಿಗೆ ಮಾಡಿ. ಅವಳೂ ಏಳೂವರೆಗೆ ನಿಮ್ಮ ಧಾರಾವಾಹಿಯನ್ನೇ ನೋಡುತ್ತಿರುತ್ತಾಳೆ.